ಗಸಿಯಲ್ಲಿ ಸಿಕ್ಕ ಲಸಿಕೆ

ನೀರು ಪರೀಕ್ಷೆ ಮಾಡುವವರಿಗೆ ಇ-ಕೋಲೈ ಒಂದು ಸಾಕ್ಷಿ, ಅಷ್ಟೆ. ಬಾಟಲಿಯ ನೀರಿನಲ್ಲಿ ಅದು ಸಿಕ್ಕಿತೋ, ಎಲ್ಲೋ ಮಲ ಸೇರಿದೆ. ಸಿಗಲಿಲ್ಲವೋ, ಸೇರಿಲ್ಲವೆಂದು ನಂಬಬೇಕು. ಅದು ತಾನೇ ರೋಗ ತರುತ್ತದೆಯೇ ಎಂದು ನಾವು ಕೇಳುವುದಿಲ್ಲ. ಬಹುಪಾಲು ತರುವುದಿಲ್ಲ ಕೂಡ. ನಿಮ್ಮ ನನ್ನ ಕರುಳಿನಲ್ಲಿ ಅದು ಈಗಲೂ ಹಾಯಾಗಿದೆ. ಜಿಲ್ಲಾ ಆರೋಗ್ಯ ಪ್ರಯೋಗಾಲಯದಲ್ಲಿ ನನ್ನ ಸರ್ವಿಸ್ಸಿನ ಬಹುಭಾಗ ಕಳೆದದ್ದು ಈ ಒಂದು ಜೀವಿಯನ್ನು ಎಣಿಸುತ್ತಲೇ.

ಎಣಿಸುವ ಕ್ರಮ ಹಳೆಯದು. ಮೆಕಾಂಕಿ ಬ್ರಾತ್ ಎಂಬ ನೇರಳೆ ದ್ರವ ತುಂಬಿದ ಟ್ಯೂಬುಗಳ ಸಾಲು, ಪ್ರತಿಯೊಂದರೊಳಗೂ ಬೋರಲಾಗಿ ಮುಳುಗಿರುವ ಪುಟ್ಟ ಡರ್ಹಮ್ ಟ್ಯೂಬು. ಐಸ್ ಡಬ್ಬಿಯಲ್ಲಿ ಬಂದ ನೀರನ್ನು ಅಳತೆ ಪ್ರಕಾರ ಹಾಕಿ 37 ಡಿಗ್ರಿಯಲ್ಲಿಟ್ಟರೆ, ನಾಳೆಯೋ ನಾಡಿದ್ದೋ ನೇರಳೆ ಹೋಗಿ ಹಳದಿ ಬರುತ್ತದೆ, ಒಳಗಿನ ಟ್ಯೂಬಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ 44 ಡಿಗ್ರಿಯಲ್ಲಿ ಇನ್ನೊಂದು ಸುತ್ತು. ಪೆಪ್ಟೋನ್ ನೀರಿಗೆ ಕೊವಾಕ್ಸ್ ದ್ರಾವಣ ಬಿಟ್ಟಾಗ ಮೇಲ್ಗಡೆ ಕೆಂಪು ಉಂಗುರ ಕಟ್ಟಿದರೆ ಅನುಮಾನಕ್ಕೆ ಎಡೆಯಿಲ್ಲ. ಪಟ್ಟಿ ನೋಡಿ ಸಂಖ್ಯೆ ಬರೆದು, ‘ಕುಡಿಯಲು ಯೋಗ್ಯ’ ಎಂದೋ ‘ಯೋಗ್ಯವಲ್ಲ’ ಎಂದೋ ಸೀಲು ಒತ್ತಿ ಕಳಿಸುವುದು.

ಕಾಮಾಲೆ ಎದ್ದಿದ್ದ ಊರೊಂದರ ನೀರುಗಂಟಿ ಆ ಸೀಲನ್ನೇ ಹಿಡಿದುಕೊಂಡು ಬಂದ. “ಮೇಡಮ್ಮೋರೇ, ನೀರು ಸರಿಯಾಗದೆ ಅಂತ ನೀವೇ ಬರ್ದು ಕೊಟ್ಟಿದೀರಿ. ಮತ್ತೆ ನಮ್ ಬೀದೀಲಿ ಇಷ್ಟು ಜನಕ್ಕೆ ಕಣ್ಣು ಹಳದಿ ಯಾಕಾಯ್ತು?” ಆತನ ಪ್ರಶ್ನೆಗೆ ತಕ್ಕ ಉತ್ತರ ದೆಹಲಿಯ ಒಂದು ಹಳೆಯ ವರದಿಯಲ್ಲಿದೆ. ನೀರು ಪರೀಕ್ಷೆಯ ಕಸುಬಿಗೆ ಬರುವ ಪ್ರತಿಯೊಬ್ಬರಿಗೂ ಅದನ್ನು ಮೊದಲ ವಾರದಲ್ಲೇ ಓದಿಸಬೇಕೆಂದು ನನ್ನ ಅಭಿಪ್ರಾಯ. ಯಾರೂ ಓದಿಸುವುದಿಲ್ಲ.

1955ರ ಮಳೆಗಾಲದ ಕೊನೆಗೆ ಯಮುನೆ ಉಕ್ಕಿ ಹರಿದು, ಇಳಿಯುವಾಗ ತನ್ನ ಹರಿವಿನ ದಾರಿಯನ್ನೇ ಬದಲಿಸಿತ್ತು. ನಗರದ ಕೊಳಚೆ ಹೊತ್ತು ತರುವ ನಜಫ್‌ಗಢ ನಾಲೆ ನದಿಗೆ ಸೇರುವುದು ವಜೀರಾಬಾದಿನಲ್ಲಿ ನೀರೆತ್ತುವ ಜಾಗಕ್ಕೆ ಹತ್ತಿರದಲ್ಲೇ. ನವೆಂಬರಿನಲ್ಲಿ ಆ ಕೊಳಚೆ ಹಿಂದಕ್ಕೆ ಒತ್ತಿಕೊಂಡು ಪಂಪಿನ ಬಾಯಿಗೇ ಬಂತು. ನೀರು ಸರಬರಾಜಿನವರು ಕಣ್ಣು ಮುಚ್ಚಿ ಕೂತಿರಲಿಲ್ಲ. ಪಟಿಕ ಹೆಚ್ಚು ಹಾಕಿದರು, ಕ್ಲೋರಿನ್ ಏರಿಸಿದರು. ಅದಕ್ಕೆ ಫಲವೂ ಸಿಕ್ಕಿತು: ಟೈಫಾಯ್ಡ್ ಏರಲಿಲ್ಲ, ಆಮಶಂಕೆ ಏರಲಿಲ್ಲ. ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ, ಡಿಸೆಂಬರಿನಲ್ಲಿ, ಕಾಮಾಲೆ ಶುರುವಾಯಿತು. ಎರಡು ತಿಂಗಳೊಳಗೆ 29,000ಕ್ಕೂ ಹೆಚ್ಚು ಜನರ ಕಣ್ಣು ಹಳದಿಯಾಯಿತು. ಕಾಮಾಲೆ ಕಾಣಿಸದೆ ಸೋಂಕಷ್ಟೇ ತಗುಲಿದವರನ್ನೂ ಸೇರಿಸಿದರೆ 97,000ಕ್ಕೂ ಮೇಲೆ ಎಂದು ಅಂದಾಜು ಮಾಡಿದರು. ಆರ್. ವಿಶ್ವನಾಥನ್ 1957ರಲ್ಲಿ ಇದನ್ನೆಲ್ಲ ಬರೆದಿಟ್ಟರು. ಸತ್ತವರಲ್ಲಿ ಗರ್ಭಿಣಿಯರ ಪಾಲು ಹೆಚ್ಚು ಎಂಬುದನ್ನೂ ಅವರು ಗುರುತಿಸಿದ್ದರು.

ಅಂದರೆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು, ಕೊಳಚೆಯ ಜೊತೆ ಬಂದಿದ್ದ ವೈರಸ್ಸು ಅಷ್ಟಕ್ಕೆ ಬಗ್ಗಿರಲಿಲ್ಲ. ನಮ್ಮ ಸಾಕ್ಷಿ ಸತ್ತುಹೋಗಿತ್ತು, ಕಳ್ಳ ಒಳಗೇ ಇದ್ದ.

ಆ ವೈರಸ್ಸು ಯಾವುದು ಎಂಬುದು ಬಹಳ ಕಾಲ ತಿಳಿಯಲಿಲ್ಲ. ನೀರಿನಿಂದ ಬರುವ ಕಾಮಾಲೆಯೆಲ್ಲ ಹೆಪಟೈಟಿಸ್ ಎ ಎಂದೇ ತಿಳಿದಿದ್ದರು. 1978ರ ಚಳಿಗಾಲದಲ್ಲಿ ಕಾಶ್ಮೀರ ಕಣಿವೆಯ ಹಳ್ಳಿಗಳಲ್ಲಿ ಅದೇ ರೀತಿಯ ಕಾಮಾಲೆ ಹಬ್ಬಿತು, ಅಲ್ಲೂ ಗರ್ಭಿಣಿಯರು ಸತ್ತರು. ಮೊಹಮ್ಮದ್ ಸುಲ್ತಾನ್ ಖುರೂ ಎಂಬ ವೈದ್ಯರು ಹಳ್ಳಿ ಹಳ್ಳಿ ತಿರುಗಿ ರಕ್ತ ಸಂಗ್ರಹಿಸಿ, ಇದು ಎ ಅಲ್ಲ, ಬಿ ಕೂಡ ಅಲ್ಲ ಎಂದು 1980ರಲ್ಲಿ ಬರೆದರು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳೂ ಪುಣೆಯ ವೈರಾಣು ಸಂಸ್ಥೆಯವರೂ ಸೇರಿ, ದೆಹಲಿಯ ಆ ಹಳೆಯ ಕಾಮಾಲೆಯ ಕಾಲದಿಂದ ಕಾಪಾಡಿಟ್ಟಿದ್ದ ಸೀರಮ್ಮನ್ನು ಮತ್ತೆ ಪರೀಕ್ಷಿಸಿದರು. ಉತ್ತರ ಒಂದೇ: ಇದು ಬೇರೆ ವೈರಸ್ಸು. ಇಪ್ಪತ್ತೈದು ವರ್ಷ ಫ್ರೀಜರಿನಲ್ಲಿ ಸೀರಮ್ ಕಾಪಾಡಿದ ಮಹಾನುಭಾವರು ಯಾರೋ, ಲೇಖನಗಳಲ್ಲಿ ಅಂಥವರ ಹೆಸರು ಬರುವುದಿಲ್ಲ.

ವೈರಸ್ಸನ್ನು ಕಣ್ಣಾರೆ ಕಂಡದ್ದು ಮಾಸ್ಕೋದ ಮಿಖಾಯಿಲ್ ಬಲಯಾನ್. ಅಫ್ಘಾನಿಸ್ತಾನದಲ್ಲಿದ್ದ ಸೋವಿಯತ್ ಸೈನಿಕರಿಗೆ ಕಾಮಾಲೆ ಹಿಡಿದಿತ್ತು. ಒಂಬತ್ತು ರೋಗಿಗಳ ಮಲದ ಸಾರವನ್ನು ಆತ ತಾನೇ ಕುಡಿದ. ಹೆಪಟೈಟಿಸ್ ಎ ತನಗೆ ಮೊದಲೇ ಬಂದುಹೋಗಿದೆ ಎಂಬುದು ಆತನಿಗೆ ಗೊತ್ತಿತ್ತು, ಆದ್ದರಿಂದ ಕಾಮಾಲೆ ಬಂದರೆ ಅದು ಎ ಇರಲಾರದು. ಮೂವತ್ತಾರನೆಯ ದಿನ ಕಾಯಿಲೆ ಬಿದ್ದ. ತನ್ನ ಮಲದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ವೈರಸ್ ಕಣಗಳನ್ನು ಕಂಡ. 1983ರಲ್ಲಿ ಪ್ರಕಟಿಸಿದ. ಇವತ್ತಿನ ನೈತಿಕ ಸಮಿತಿಗಳ ಮುಂದೆ ಈ ಅರ್ಜಿ ಹೋಗಿದ್ದರೆ ಏನಾಗುತ್ತಿತ್ತೋ! 1990ರಲ್ಲಿ ಕ್ಯಾಲಿಫೋರ್ನಿಯಾದ ಜೀನ್‌ಲ್ಯಾಬ್ಸ್ ಕಂಪನಿಯ ಗ್ರೆಗರಿ ರೇಯಸ್, ಸೋಂಕು ತಗುಲಿಸಿದ ಕೋತಿಯ ಪಿತ್ತರಸದಿಂದ ಈ ವೈರಸ್ಸಿನ ಜೀನಿನ ತುಣುಕನ್ನು ಹಿಡಿದರು. ಹೆಪಟೈಟಿಸ್ ಇ ಎಂಬ ಹೆಸರು ಗಟ್ಟಿಯಾಯಿತು.

ಲಸಿಕೆ ಮಾಡುವವರಿಗೆ ಇಲ್ಲಿ ಒಂದು ದೊಡ್ಡ ಅಡ್ಡಿ ಇತ್ತು. ಪೋಲಿಯೋದಂಥ ವೈರಸ್ಸನ್ನು ಗಾಜಿನ ಬುರುಡೆಯಲ್ಲಿ ಜೀವಕೋಶಗಳ ಮೇಲೆ ಹೇರಳವಾಗಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು, ಚುಚ್ಚಬಹುದು. ಹೆಪಟೈಟಿಸ್ ಇ ಹಾಗೆ ಬೆಳೆಯುವುದಿಲ್ಲ. ಇಡೀ ವೈರಸ್ಸು ಕೈಗೆ ಸಿಗದಿದ್ದರೆ ಅದರ ಮೇಲ್ಕವಚದ ಪ್ರೋಟೀನನ್ನಾದರೂ ಬೇರೆ ಯಾವುದೋ ಜೀವಿಯ ಕೈಯಲ್ಲಿ ಮಾಡಿಸಬೇಕು. ಯಾವ ಜೀವಿಯ ಕೈಯಲ್ಲಿ? ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೇಗ ಬೆಳೆಯುವ ಆಳು ಎಂದರೆ ನಾನು ಎಣಿಸುತ್ತಿದ್ದ ಇ-ಕೋಲೈ. ಆದರೆ 1990ರ ಹೊತ್ತಿಗೆ ಲಸಿಕೆಯ ಲೋಕದಲ್ಲಿ ಅದರ ಹೆಸರು ಸಾಕಷ್ಟು ಕೆಟ್ಟಿತ್ತು.

ಹೆಸರು ಕೆಡುವ ಮೊದಲು ಅದು ಬೆಳಗಿದ ಕಾಲವೂ ಇತ್ತು. ಥಿಯೋಡರ್ ಎಶರಿಶ್ ಎಂಬ ಮಕ್ಕಳ ವೈದ್ಯ 1885ರಲ್ಲಿ ಎಳೆಗೂಸುಗಳ ಮಲದಲ್ಲಿ ಇದನ್ನು ಕಂಡು ವಿವರಿಸಿದ. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಮನೆಮಾತಾದ ಕೆ-12 ಎಂಬ ತಳಿ ಹೊರಬಂದದ್ದು 1922ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಗಂಟಲುಮಾರಿಯಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರ ಮಲದಿಂದ. ಅರ್ಧ ಶತಮಾನ ಕಾಲೇಜುಗಳಲ್ಲಿ ಪಾಠಕ್ಕೂ ಪ್ರಯೋಗಕ್ಕೂ ಬಳಕೆಯಾಗಿ ಅದು ಕರುಳಿನಲ್ಲಿ ನೆಲೆ ನಿಲ್ಲುವ ಶಕ್ತಿಯನ್ನೇ ಕಳೆದುಕೊಂಡು ಸಾಧುವಾಯಿತು. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಬೇರೆ ಜೀವಿಯ ಜೀನನ್ನು ಪ್ಲಾಸ್ಮಿಡ್ ಎಂಬ ಉಂಗುರಕ್ಕೆ ಹೊಲಿದು ಇ-ಕೋಲೈ ಒಳಗೆ ಬಿಟ್ಟರು. 1978ರಲ್ಲಿ ಅದು ಮನುಷ್ಯರ ಇನ್ಸುಲಿನ್ ಮಾಡಿತು, 1982ರಲ್ಲಿ ಆ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಇದಿಷ್ಟನ್ನೂ ಪಿಯುಸಿ ಮಕ್ಕಳೂ ಓದುತ್ತಾರೆ, ನಾನು ಬೆಳೆಸುವುದಿಲ್ಲ.

ಇನ್ಸುಲಿನ್ ಆದಮೇಲೆ ವೈರಸ್ ಪ್ರೋಟೀನು ಯಾವ ಮಹಾ ಎಂದುಕೊಂಡರು. ಮೊದಲು ಹೆಪಟೈಟಿಸ್ ಬಿಗೆ ಕೈ ಹಾಕಿದರು. 1979ರಲ್ಲಿ ಎಡಿನ್‌ಬರೋದ ಕೆನೆತ್ ಮರ್ರೆ ತಂಡ ಆ ವೈರಸ್ಸಿನ ಒಳತಿರುಳಿನ ಪ್ರೋಟೀನನ್ನು ಇ-ಕೋಲೈನಲ್ಲಿ ಮಾಡಿಸಿತು. ಆ ಪ್ರೋಟೀನು ಬ್ಯಾಕ್ಟೀರಿಯಾದೊಳಗೇ ತಾನಾಗಿ ಗುಂಡು ಗುಂಡು ಕಣಗಳಾಗಿ ಜೋಡಿಸಿಕೊಳ್ಳುವಷ್ಟು ಒಳ್ಳೆಯದು. ರಕ್ತಪರೀಕ್ಷೆಯ ಕಿಟ್ಟುಗಳಿಗೆ ಬಹಳ ಪ್ರಯೋಜನಕ್ಕೆ ಬಂತು. ಆದರೆ ಲಸಿಕೆಗೆ ಬೇಕಾದದ್ದು ಹೊರಮೈಯ ಪ್ರೋಟೀನು, ಅದು ಮಾತ್ರ ಹಟಮಾರಿ. ಕೊಬ್ಬಿನ ಪೊರೆಯಲ್ಲಿ ನೆಟ್ಟುಕೊಂಡೇ ಅದು ಸರಿಯಾದ ಆಕಾರಕ್ಕೆ ಬರುವುದು. ಅಂಥ ಪೊರೆ ಕಟ್ಟುವ ಅಂಗಳ ಬ್ಯಾಕ್ಟೀರಿಯಾದೊಳಗೆ ಇಲ್ಲ. ಕಡೆಗೆ 1982ರಲ್ಲಿ ಪಾಬ್ಲೊ ವಾಲೆನ್ಸುವೆಲಾ ಮತ್ತು ವಿಲಿಯಂ ರಟ್ಟರ್ ಅವರ ಗುಂಪು ಬ್ರೆಡ್ಡು ಉಬ್ಬಿಸುವ ಯೀಸ್ಟಿಗೆ ಆ ಕೆಲಸ ಒಪ್ಪಿಸಿತು. 1986ರಲ್ಲಿ ಯೀಸ್ಟಿನ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ತಯಾರಿಸಿ ನಮ್ಮ ಕೈಗೆಟುಕುವ ಬೆಲೆಗೆ ತಂದದ್ದೂ ಯೀಸ್ಟಿನ ಲಸಿಕೆಯೇ. ನನ್ನ ತೋಳಿಗೆ ಬಿದ್ದದ್ದು ಅದು.

ಇ-ಕೋಲೈನ ಎರಡನೆಯ ಪ್ರಯತ್ನ ದನಗಳಿಗಾಗಿ. ಕಾಲುಬಾಯಿ ಜ್ವರ ಅಂದರೆ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ: ಜೊಲ್ಲು ಸುರಿಸುವ ಹಸು, ಗೊರಸಿನ ಸಂದಿಯಲ್ಲಿ ಹುಣ್ಣು, ಬತ್ತಿದ ಕೆಚ್ಚಲು. 2013ರಲ್ಲಿ ಕರ್ನಾಟಕದಲ್ಲಿ ಸಾವಿರಾರು ದನ ಸತ್ತದ್ದನ್ನು ಹಾಲಿನ ಡೇರಿ ಇರುವ ಯಾವ ಹಳ್ಳಿಯೂ ಮರೆತಿಲ್ಲ. ಪ್ರಾಣಿಗಳಲ್ಲಿ ವೈರಸ್ಸಿನಿಂದ ಬರುವುದೆಂದು ಮೊಟ್ಟಮೊದಲು, 1897ರ ಸುಮಾರಿಗೆ, ಗೊತ್ತಾದ ರೋಗವೂ ಇದೇ. 1981ರಲ್ಲಿ ಜೆನೆನ್‌ಟೆಕ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಯ ಪ್ಲಮ್ ಐಲೆಂಡ್ ಪ್ರಯೋಗಾಲಯ ಸೇರಿ, ಈ ವೈರಸ್ಸಿನ ಕವಚದ ಒಂದು ಪ್ರೋಟೀನನ್ನು ಇ-ಕೋಲೈನಲ್ಲಿ ಮಾಡಿಸಿದವು. ಬ್ಯಾಕ್ಟೀರಿಯಾದ ಒಟ್ಟು ಪ್ರೋಟೀನಿನಲ್ಲಿ ಶೇ 17ರಷ್ಟು ಇದೊಂದೇ. ಆರು ದನ, ಎರಡು ಹಂದಿಗೆ ಚುಚ್ಚಿ, ಆಮೇಲೆ ಜೀವಂತ ವೈರಸ್ ಕೊಟ್ಟು ನೋಡಿದರು, ರಕ್ಷಣೆ ಸಿಕ್ಕಿತ್ತು. ಅಮೆರಿಕದ ಕೃಷಿ ಮಂತ್ರಿಯೇ ನಿಂತು ಘೋಷಿಸುವಷ್ಟು ಸಂಭ್ರಮ.

ಆ ಲಸಿಕೆ ಕೊಟ್ಟಿಗೆಗೆ ಬರಲೇ ಇಲ್ಲ. ಈ ವೈರಸ್ಸಿನಲ್ಲಿ ಏಳು ಬಗೆ, ಒಂದರ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕವಚದಿಂದ ಕಿತ್ತು ಒಂಟಿಯಾಗಿ ನಿಲ್ಲಿಸಿದ ಪ್ರೋಟೀನು ಇಡೀ ಕವಚದಷ್ಟು ಚುರುಕಾಗಿ ಪ್ರತಿರೋಧ ಎಬ್ಬಿಸುವುದಿಲ್ಲ. ಇವತ್ತೂ ನಮ್ಮ ದನಗಳಿಗೆ ಚುಚ್ಚುವುದು ಜೀವಕೋಶಗಳಲ್ಲಿ ಬೆಳೆಸಿ ಕೊಂದ ಇಡೀ ವೈರಸ್ಸನ್ನೇ.

ಆ 1981ರ ಲೇಖನದ ಸಾರಾಂಶದಲ್ಲಿ ಇನ್ನೊಂದು ವಿವರವಿದೆ: ಸಿಕ್ಕ ಪ್ರೋಟೀನು ಕರಗದ ಪ್ರೋಟೀನು. ಸಂಭ್ರಮದ ಸುದ್ದಿಯಲ್ಲಿ ಅದನ್ನು ಯಾರೂ ಗಮನಿಸಿದಂತಿಲ್ಲ. ಮಾರನೇ ವರ್ಷ ಇನ್ಸುಲಿನ್ ಮಾಡುವ ಬ್ಯಾಕ್ಟೀರಿಯಾಗಳ ಒಳಗೆ ಹೊಳೆಯುವ ಗಟ್ಟಿ ಗಂಟುಗಳು ಇರುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಇನ್‌ಕ್ಲೂಷನ್ ಬಾಡಿ ಎಂದರೆ ಇವೇ. ನನಗೆ ಇವುಗಳ ಪರಿಚಯವಾದದ್ದು ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದಾಗ. ರಾತ್ರಿ ಫೋನು ಮಾಡಿದಳೆಂದರೆ ಒಂದೇ ಗೋಳು: “ದೊಡ್ಡಮ್ಮ, ಇವತ್ತೂ ಪೆಲೆಟ್‌ಗೇ ಹೋಯ್ತು.” ಬ್ಯಾಕ್ಟೀರಿಯಾ ಒಡೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕರಗಿದ್ದು ಮೇಲಿನ ತಿಳಿಯಲ್ಲಿ ಉಳಿಯುತ್ತದೆ, ಕರಗದ್ದು ಟ್ಯೂಬಿನ ತಳಕ್ಕೆ ಗಸಿಯಾಗಿ ಅಂಟುತ್ತದೆ. ಅವಳಿಗೆ ಬೇಕಾದ ಪ್ರೋಟೀನು ಸದಾ ಗಸಿಯಲ್ಲಿ. ತಿಳಿಯಲ್ಲಿ ಬರಲೆಂದು ಉಷ್ಣತೆ 37ರಿಂದ 18 ಡಿಗ್ರಿಗೆ ಇಳಿಸುವಳು, ಬ್ಯಾಕ್ಟೀರಿಯಾಗೆ ಕೆಲಸ ಶುರುಮಾಡು ಎಂದು ಸೂಚನೆ ಕೊಡುವ ಐಪಿಟಿಜಿಯನ್ನು ಕಡಿಮೆ ಮಾಡುವಳು, ತಳಿ ಬದಲಿಸುವಳು. ನಾನು ಇ-ಕೋಲೈ ಸಿಗದಿರಲಿ ಎಂದು ಹಾರೈಸುವವಳು, ಅವಳು ಅದು ಚೆನ್ನಾಗಿ ಬೆಳೆಯಲಿ ಎಂದು ಹಾರೈಸುವವಳು. ನಮ್ಮಿಬ್ಬರ ಮಾತು ಅಲ್ಲಿಂದ ಮುಂದೆ ಬೇಕಾದಷ್ಟು ಬೆಳೆಯಿತು.

ಗಂಟು ಕಟ್ಟುವುದು ಯಾಕೆ? ಪ್ರೋಟೀನು ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಅದು ಸರಿಯಾಗಿ ಮಡಿಸಿಕೊಂಡಾಗ ನೀರಿಗಾಗದ ಜಿಡ್ಡಿನ ಭಾಗಗಳು ಒಳಗೆ ಅಡಗುತ್ತವೆ. ಇ-ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಜೀವಿ. ನಾವು ಕೊಟ್ಟ ಪರಕೀಯ ಜೀನಿನಿಂದ ಸರದ ಮೇಲೆ ಸರ ನೇಯ್ದು ಎಸೆಯುತ್ತದೆ. ಮಡಿಸಿಕೊಳ್ಳಲು ಪುರುಸೊತ್ತಿಲ್ಲದ ಸರಗಳು ಜಿಡ್ಡಿಗೆ ಜಿಡ್ಡು ತಾಗಿಸಿಕೊಂಡು ಅಂಟುತ್ತವೆ. ಕುದಿಯುವ ಎಸರಿಗೆ ರಾಗಿ ಹಿಟ್ಟನ್ನು ಒಮ್ಮೆಗೇ ಸುರಿದರೆ ಗಂಟು ಕಟ್ಟುವುದಿಲ್ಲವೇ, ಹಾಗೆ. ವೈರಸ್ಸಿನ ಕವಚದ ಪ್ರೋಟೀನುಗಳಿಗೆ ಈ ಚಾಳಿ ಇನ್ನೂ ಹೆಚ್ಚು, ಒಂದಕ್ಕೊಂದು ಅಂಟಿ ಕವಚ ಕಟ್ಟುವುದೇ ಅವುಗಳ ಹುಟ್ಟುಗುಣ.

ಬಹಳ ಪ್ರಯೋಗಾಲಯಗಳು ಗಸಿಯನ್ನು ನೋಡಿ ಯೋಜನೆಯನ್ನೇ ಕೈಬಿಟ್ಟವು. ಯೀಸ್ಟಿಗೆ ಹೋದರು, ಇಲ್ಲವೇ ಪತಂಗದ ಜೀವಕೋಶಗಳಿಗೆ ಹೋದರು. ಹೆಪಟೈಟಿಸ್ ಇಯ ಮೊದಲ ಲಸಿಕೆ ಬಂದದ್ದೇ ಆ ಪತಂಗದ ದಾರಿಯಿಂದ. ಅಮೆರಿಕದ ಸಂಶೋಧಕರೂ ಗ್ಲ್ಯಾಕ್ಸೋ ಕಂಪನಿಯೂ ಸೇರಿ ಮಾಡಿದ ಅದನ್ನು ನೇಪಾಳದ ಸೈನಿಕರ ಮೇಲೆ ಪರೀಕ್ಷಿಸಿದರು. ಪರಿಣಾಮ ಶೇ 95ಕ್ಕೂ ಮೇಲೆ ಎಂದು 2007ರಲ್ಲಿ ಪ್ರಕಟವಾಯಿತು. ಅಷ್ಟಾದರೂ ಅದು ಮಾರುಕಟ್ಟೆಗೆ ಬರಲಿಲ್ಲ. ಕಾಮಾಲೆ ಬರುವವರು ಕೊಳಚೆ ನೀರು ಕುಡಿಯುವ ಬಡವರು. ಅವರಿಗಾಗಿ ಕಾರ್ಖಾನೆ ಕಟ್ಟುವ ಉತ್ಸಾಹ ಯಾರಿಗೂ ಬರಲಿಲ್ಲವೆಂದೇ ನಾನು ತಿಳಿದಿದ್ದೇನೆ. ಸೈನಿಕರ ಸಮ್ಮತಿ ಎಷ್ಟು ಸ್ವಂತದ್ದು ಎಂಬ ತಕರಾರೂ ಆಗ ಎದ್ದಿತ್ತು. ತಕರಾರು ನ್ಯಾಯವಾದದ್ದೇ. ತೋಳು ಕೊಟ್ಟ ದೇಶಕ್ಕೆ ಲಸಿಕೆ ಸಿಗಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಕರಾರು.

ಗಸಿಯನ್ನು ಚೆಲ್ಲದವರು ಚೀನಾದ ದಕ್ಷಿಣ ಕರಾವಳಿಯ ಷಿಯಾಮೆನ್ ವಿಶ್ವವಿದ್ಯಾಲಯದ ಶಿಯಾ ನಿಂಗ್‌ಶಾವ್ ಮತ್ತು ಸಂಗಡಿಗರು. ಚೀನಾಕ್ಕೆ ಈ ಕಾಮಾಲೆಯ ನೋವು ಗೊತ್ತಿತ್ತು: 1986ರಿಂದ 88ರವರೆಗೆ ಷಿಂಜಿಯಾಂಗ್ ಪ್ರಾಂತ್ಯದಲ್ಲಿ 1,19,000ಕ್ಕೂ ಹೆಚ್ಚು ಜನರಿಗೆ ತಗುಲಿ 700ಕ್ಕೂ ಹೆಚ್ಚು ಜನ ಸತ್ತಿದ್ದರು.

ಈ ವೈರಸ್ಸಿನ ಕವಚದ ಪ್ರೋಟೀನಿನಲ್ಲಿ 660 ಅಮೈನೋ ಆಮ್ಲಗಳಿವೆ. ಷಿಯಾಮೆನ್ನಿನವರು ಪೂರ್ತಿ ಸರವನ್ನು ಇ-ಕೋಲೈಗೆ ಕೊಡಲಿಲ್ಲ. ಮೊದಲು 394ರಿಂದ 606ರವರೆಗಿನ ತುಂಡನ್ನು ಕೊಟ್ಟು ನೋಡಿದರು. ಅದು ಎರಡೆರಡಾಗಿ ಜೋಡಿಯಾಯಿತು, ಪ್ರತಿಕಾಯಗಳು ಅದನ್ನು ಗುರುತಿಸಿದವು, ಆದರೆ ಲಸಿಕೆಯಾಗಿ ಅಷ್ಟೇನೂ ಶಕ್ತಿಯಿಲ್ಲ. ಮುಂದಿನ ತುದಿಗೆ 26 ಅಮೈನೋ ಆಮ್ಲ ಸೇರಿಸಿ 368ರಿಂದ ಶುರುಮಾಡಿದಾಗ ಬೇರೆಯದೇ ನಡೆಯಿತು. 239 ಅಮೈನೋ ಆಮ್ಲಗಳ ಈ ತುಂಡು ಜೋಡಿಯಲ್ಲಿ ನಿಲ್ಲದೆ, ಹಲವು ಸೇರಿ ಸುಮಾರು 23 ನ್ಯಾನೋಮೀಟರಿನ ಕಣಗಳಾಗಿ ಕೂಡಿಕೊಂಡಿತು. ಪಿ239 ಎಂದು ಅದಕ್ಕೆ ಹೆಸರು. ಕವಚದಿಂದ ಕಿತ್ತ ಒಂಟಿ ಪ್ರೋಟೀನು ಎಂದು ಕಾಲುಬಾಯಿ ಜ್ವರದ ಲಸಿಕೆಗಿದ್ದ ಕೊರತೆ ಇಲ್ಲಿ ನೀಗಿತು: ದೇಹದ ರಕ್ಷಣಾ ವ್ಯವಸ್ಥೆಗೆ ಇದು ವೈರಸ್ಸಿನ ಹಾಗೇ ಕಾಣುತ್ತದೆ, ಒಳಗೆ ಜೀನು ಮಾತ್ರ ಇಲ್ಲ.

ಪಿ239 ಕೂಡ ಬ್ಯಾಕ್ಟೀರಿಯಾದೊಳಗೆ ಗಂಟಾಗಿಯೇ ಕೂರುತ್ತದೆ. ಷಿಯಾಮೆನ್ನಿನವರು ಅದನ್ನು ಗಂಟಾಗಲು ಬಿಟ್ಟರು. ಗಂಟು ಗಟ್ಟಿ, ಭಾರ. ಬ್ಯಾಕ್ಟೀರಿಯಾ ಒಡೆದು ತಿರುಗಿಸಿದರೆ ಉಳಿದ ಸಾವಿರಾರು ಪ್ರೋಟೀನುಗಳು ತಿಳಿಯೊಂದಿಗೆ ಹೋಗಿ, ಬೇಕಾದದ್ದೊಂದೇ ತಳದಲ್ಲಿ ನಿಲ್ಲುತ್ತದೆ. ಅರ್ಧ ಶುದ್ಧೀಕರಣ ಪುಕ್ಕಟೆ. ಆ ಗಸಿಯನ್ನು ಟ್ರೈಟಾನ್ ಎಂಬ ಮಾರ್ಜಕದಲ್ಲಿ ತೊಳೆದು, ದಟ್ಟವಾದ ಯೂರಿಯಾ ದ್ರಾವಣದಲ್ಲಿ ಬಿಡಿಸುತ್ತಾರೆ. ಸೊಸೈಟಿಯ ಮುಂದೆ ರೈತರು ಸಾಲು ನಿಂತು ಒಯ್ಯುವ ಯೂರಿಯಾ ಇದೇ, ಶುದ್ಧತೆ ಮಾತ್ರ ಬೇರೆ. ಯೂರಿಯಾ ಪ್ರೋಟೀನಿನ ಮಡಿಕೆಯನ್ನು ಬಿಚ್ಚುತ್ತದೆ, ಯೂರಿಯಾ ತೆಗೆದರೆ ಪ್ರೋಟೀನು ತನ್ನ ಆಕಾರವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು 1960ರ ದಶಕದ ಆರಂಭದಲ್ಲೇ ಕ್ರಿಶ್ಚಿಯನ್ ಆನ್ಫಿನ್ಸೆನ್ ತೋರಿಸಿ, 1972ರಲ್ಲಿ ನೊಬೆಲ್ ಪಡೆದಿದ್ದರು. ತತ್ತ್ವ ಗೊತ್ತಿದ್ದದ್ದೇ. ಅದನ್ನು ಒಂದು ಟ್ಯೂಬಿನಿಂದ ಟ್ಯಾಂಕಿಗೆ ಏರಿಸಿ, ಪ್ರತಿ ಬ್ಯಾಚಿನಲ್ಲೂ ಅದೇ ಕಣ, ಅದೇ ಗಾತ್ರ ಬರುವಂತೆ ಮಾಡುವುದು ಕೈಕೆಲಸ. ವರ್ಷಗಟ್ಟಲೆ ಹಿಡಿಯುವ ಕೈಕೆಲಸ. ಜೀನು ಕತ್ತರಿಸಿ ಅಂಟಿಸಿದವರಿಗೆ ಪ್ರಶಸ್ತಿ ಬರುತ್ತದೆ. ಗಸಿ ತೊಳೆದು, ಯೂರಿಯಾವನ್ನು ಹದವಾಗಿ ಇಳಿಸಿ, ಕಣ ಕೂಡಿದೆಯೇ ಎಂದು ನೋಡುತ್ತ ಕೂರುವವರಿಗೆ ಸಂಬಳ ಬರುತ್ತದೆ. ಲಸಿಕೆ ಆಗುವುದೋ ಬಿಡುವುದೋ ನಿರ್ಧಾರವಾಗುವುದು ಎರಡನೆಯವರ ಮೇಜಿನ ಮೇಲೆ ಎಂಬುದು ಬೆಂಚಿನ ಮುಂದೆ ಬದುಕು ಸವೆಸಿದ ನನ್ನ ಪಕ್ಷಪಾತ.

ಇನ್ನೊಂದು ತೊಡಕನ್ನೂ ಹೇಳಬೇಕು. ಇ-ಕೋಲೈನ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ, ರಕ್ತಕ್ಕೆ ಸ್ವಲ್ಪ ಸೇರಿದರೂ ಚಳಿಜ್ವರ ಹತ್ತುತ್ತದೆ. ಯೀಸ್ಟಿನಲ್ಲಿ ಈ ಕಾಟವಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾದ ಪ್ರೋಟೀನನ್ನು ಒಂದರ ಮೇಲೊಂದು ಕಾಲಮ್ಮಿನ ಮೂಲಕ ಹರಿಸಿ ಅದನ್ನು ಕಳೆಯಬೇಕು. ಕಳೆದಿದೆಯೇ ಎಂದು ನೋಡಲು ಕುದುರೆಲಾಳದೇಡಿಯ ನೀಲಿ ರಕ್ತದ ಸಾರ ಬೇಕು. ಎಂಡೋಟಾಕ್ಸಿನ್ ಚೂರೇ ಇದ್ದರೂ ಆ ಸಾರ ಹೆಪ್ಪುಗಟ್ಟಿ ತೋರಿಸಿಕೊಡುತ್ತದೆ. ಹೀಗೆ ತೊಳೆದ ಕಣಗಳನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡಿಗೆ ಅಂಟಿಸಿ, ಅರ್ಧ ಮಿಲಿಲೀಟರಿಗೆ 30 ಮೈಕ್ರೋಗ್ರಾಂ ಲೆಕ್ಕದಲ್ಲಿ ತುಂಬಿದರೆ ಒಂದು ಡೋಸು.

2007ರಲ್ಲಿ ಜಿಯಾಂಗ್ಸು ಪ್ರಾಂತ್ಯದ ಡೋಂಗ್‌ತಾಯ್‌ನಲ್ಲಿ ದೊಡ್ಡ ಪರೀಕ್ಷೆ ಶುರುವಾಯಿತು. 16ರಿಂದ 65 ವಯಸ್ಸಿನ 1,12,604 ಮಂದಿ. ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಹೆಪಟೈಟಿಸ್ ಬಿ ಲಸಿಕೆ. ಬರೀ ಉಪ್ಪುನೀರು ಚುಚ್ಚಿ ಕಳಿಸದೆ ಅವರಿಗೂ ಏನಾದರೂ ಉಪಯೋಗವಾಗಲಿ ಎಂದು ಮಾಡಿದ ಈ ಏರ್ಪಾಡು ನನಗೆ ಮೆಚ್ಚುಗೆಯಾಯಿತು. ಮೂರು ಡೋಸು ಮುಗಿದ ಮುಂದಿನ ಹನ್ನೆರಡು ತಿಂಗಳಲ್ಲಿ ಬಿ ಲಸಿಕೆ ಪಡೆದವರ ಗುಂಪಿನಲ್ಲಿ 15 ಜನಕ್ಕೆ ಹೆಪಟೈಟಿಸ್ ಇ ಬಂತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರ ಡಿಸೆಂಬರಿನಲ್ಲಿ ಚೀನಾ ಪರವಾನಗಿ ಕೊಟ್ಟಿತು; ಇನೋವ್ಯಾಕ್ಸ್ ಕಂಪನಿ ಹೆಕೋಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ನಾಲ್ಕೂವರೆ ವರ್ಷ ಹಿಂಬಾಲಿಸಿ ನೋಡಿದಾಗಲೂ ರಕ್ಷಣೆ ಶೇ 86ಕ್ಕಿಂತ ಕೆಳಗಿಳಿದಿರಲಿಲ್ಲ.

ಅದೇ ಗುಂಪು ಆಮೇಲೆ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಸ್ಸಿನ ಕವಚವನ್ನೂ ಇ-ಕೋಲೈನಲ್ಲಿ ಮಾಡಿಸಿತು. ದೊಡ್ಡ ಕಂಪನಿಗಳ ಎಚ್‌ಪಿವಿ ಲಸಿಕೆಗಳಲ್ಲಿ ಒಂದು ಯೀಸ್ಟಿನದು, ಇನ್ನೊಂದು ಕೀಟದ ಜೀವಕೋಶದ್ದು, ಎರಡೂ ದುಬಾರಿ. ಬ್ಯಾಕ್ಟೀರಿಯಾದ ಲಸಿಕೆಗೆ 2019ರ ಕೊನೆಯಲ್ಲಿ ಚೀನಾದಲ್ಲಿ ಪರವಾನಗಿ ಸಿಕ್ಕಿತು, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಹತಾ ಪಟ್ಟಿಗೂ ಸೇರಿತು. ತಂಗಿಯ ಮಗಳು ಆ ಸುದ್ದಿ ಕಳಿಸಿದಾಗ ಕೆಳಗೆ ಬರೆದಿದ್ದು ಇಷ್ಟೇ: “ಪೆಲೆಟ್ ಗೆದ್ದಿತು, ದೊಡ್ಡಮ್ಮ.” ಎಚ್‌ಪಿವಿಯ ಪ್ರೋಟೀನನ್ನು ಹಿಡಿದದ್ದು ಗಸಿಯಿಂದಲ್ಲ, ತಿಳಿಯಿಂದ ಎಂದು ತಿದ್ದಬೇಕೆನಿಸಿತು. ಸುಮ್ಮನಾದೆ.

ಹೆಪಟೈಟಿಸ್ ಇಯ ಲಸಿಕೆ ಮಾತ್ರ ಬಹಳ ವರ್ಷ ಚೀನಾ ಬಿಟ್ಟು ಆಚೆ ಕೆಲಸಕ್ಕೆ ಬರಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಎಚ್ಚರಿಕೆಯ ಮಾತು: ಎಲ್ಲರಿಗೂ ಹಾಕಿ ಎಂದು ಹೇಳಲಾರೆವು, ರೋಗ ಸ್ಫೋಟಿಸಿದ ಕಡೆ ಯೋಚಿಸಬಹುದು, ಗರ್ಭಿಣಿಯರಿಗೂ. ಆಮೇಲೂ ಏಳು ವರ್ಷ ರೋಗ ಎದ್ದ ಯಾವ ಕಡೆಯೂ ಅದನ್ನು ಬಳಸಲಿಲ್ಲ. ಒಂದು ಕಾರಣ ಸರಳ. ಡೋಂಗ್‌ತಾಯ್‌ ಪರೀಕ್ಷೆಯಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ತಾವು ಬಸುರಿ ಎಂದು ತಿಳಿಯದೆ ಲಸಿಕೆ ಪಡೆದ ಕೆಲವೇ ಮಹಿಳೆಯರ ವಿವರ ಮಾತ್ರ ಲಭ್ಯವಿತ್ತು, ಅವರಿಗೆ ತೊಂದರೆ ಕಂಡಿರಲಿಲ್ಲ. ವಿಶ್ವನಾಥನ್ ವರದಿಯ ಕಾಲದಿಂದ ಯಾರು ಹೆಚ್ಚು ಸಾಯುತ್ತಾರೆಂದು ಗೊತ್ತಿತ್ತೋ, ಅವರ ಬಗ್ಗೆಯೇ ಮಾಹಿತಿ ಅತಿ ಕಡಿಮೆ.

2022ರಲ್ಲಿ ದಕ್ಷಿಣ ಸುಡಾನಿನ ಬೆಂಟಿಯು ನಿರಾಶ್ರಿತರ ಶಿಬಿರದ ಸುತ್ತ ನೆರೆ ನಿಂತಿತ್ತು, ಕಕ್ಕಸಿನ ಗುಂಡಿಗಳು ತುಂಬಿ ಹರಿಯುತ್ತಿದ್ದವು, ಕಾಮಾಲೆ ಎದ್ದಿತ್ತು. ಅಲ್ಲಿನ ಆರೋಗ್ಯ ಸಚಿವಾಲಯವೂ ಮೆಡಿಸಾಂ ಸಾಂ ಫ್ರಾಂಟಿಯೇರ್ ವೈದ್ಯರ ತಂಡವೂ ಸೇರಿ ಮಾರ್ಚಿನಲ್ಲಿ ಮೊದಲ ಸುತ್ತು, ಏಪ್ರಿಲಿನಲ್ಲಿ ಎರಡನೆಯದು, ಅಕ್ಟೋಬರಿನಲ್ಲಿ ಮೂರನೆಯದು ಹಾಕಿದವು. ರೋಗ ಎದ್ದಿರುವಾಗಲೇ ಈ ಲಸಿಕೆ ಬಳಸಿದ್ದು ಜಗತ್ತಿನಲ್ಲಿ ಅದೇ ಮೊದಲು. 16ರಿಂದ 40 ವಯಸ್ಸಿನ ಸುಮಾರು 25,000 ಮಂದಿ ತೋಳು ಕೊಟ್ಟರು. ಗರ್ಭಿಣಿಯರನ್ನು ಈ ಸಲ ಹೊರಗಿಡಲಿಲ್ಲ. ಅವರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದುಕೊಂಡು, ಹೆರಿಗೆ ಆಗುವವರೆಗೂ ಹಿಂಬಾಲಿಸಿದರು.